ನಿಕಲ್ ತೊಳೆದ ನೀರು

ಊಟ ಆಗಿದೆ ತಾನೇ? ಆಗದಿದ್ದರೆ ಕೇಳಬೇಡಿ. ಇದು ತುತ್ತು ಇಳಿಸುವ ಕತೆಯಲ್ಲ. ನಮ್ಮ ಪಕ್ಕದ ಮನೆ ಮುಜಾಮಿಲ್‌ಗೆ ಆದದ್ದು, ಅವನೇ ನನ್ನೆದುರು ಕೂತು ಹೇಳಿದ್ದು.

ರಾತ್ರಿ ಹನ್ನೊಂದೂವರೆ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಎರಡನೇ ಪಾಳಿ ಮುಗಿಸಿ ಬಂದವನು ಆಲದಮರದ ಹತ್ತಿರ ಸ್ಕೂಟರ್ ಆಫ್ ಮಾಡಿದ. ಅಲ್ಲಿಂದ ನಮ್ಮೂರ ಹಾಳುಬಾವಿಯವರೆಗೆ ದಿನಾ ತಳ್ಳಿಕೊಂಡೇ ಹೋಗುತ್ತಿದ್ದ. ಯಾರಿಗೂ ಸದ್ದು ಕೇಳಬಾರದು. ಕಾಲಿಡುವ ಜಾಗದಲ್ಲಿ ದೊಡ್ಡ ಕ್ಯಾನು. ಒಳಗೆ ನೀರು... ಕುಳುಕ್... ಕುಳುಕ್...

ಅವನ ಫ್ಯಾಕ್ಟರಿಯಲ್ಲಿ ಸೂಪರ್‌ಕೆಪಾಸಿಟರ್‌ಗೆ ಹಾಳೆ ಮಾಡುತ್ತಾರೆ. ಬ್ಯಾಟರಿಯ ತಮ್ಮ ಅನ್ನಿ, ನಿಮಿಷದಲ್ಲಿ ಚಾರ್ಜ್ ತುಂಬಿಕೊಳ್ಳುತ್ತದೆ. ಹಾಳೆ ನಿಕಲ್‌ನದು, ಸ್ಪಂಜಿನ ಹಾಗೆ ಮೈತುಂಬಾ ತೂತು. ಅದನ್ನು ನಿಕಲ್ ಉಪ್ಪು, ಯೂರಿಯಾ ಕಲಸಿದ ನೀರಲ್ಲಿ ಮುಳುಗಿಸಿ, ಉಕ್ಕಿನ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ರಾತ್ರಿಯಿಡೀ ಬೇಯಿಸುತ್ತಾರೆ. ತೂತು ತೂತಿನೊಳಗೂ ಹಸಿರು ಬೂಷ್ಟು ಏಳುತ್ತದೆ. ಕೂದಲನ್ನು ಸಾವಿರ ಸೀಳು ಮಾಡಿದಷ್ಟು ಸಣ್ಣ ಎಳೆಗಳಂತೆ ಅವು. ಬೂಷ್ಟು ಒತ್ತಾದಷ್ಟೂ ಕರೆಂಟು ಹೆಚ್ಚು ಹಿಡಿಯುತ್ತದಂತೆ. ಆಮೇಲೆ ಹಾಳೆಯನ್ನು ಮೂರು ಸಲ ತೊಳೆಯಬೇಕು. ತೊಳೆದ ನೀರು ವಿಷ. ಅದು ಡ್ರಮ್ಮಿಗೆ, ಡ್ರಮ್ಮಿನಿಂದ ಶುದ್ಧ ಮಾಡುವಲ್ಲಿಗೆ ಒಯ್ಯುವ ಟ್ಯಾಂಕರಿಗೆ.

ಟ್ಯಾಂಕರ್ ಬರುವ ಮೊದಲೇ ಡ್ರಮ್ಮು ತುಂಬುತ್ತಿತ್ತು. ಸೂಪರ್‌ವೈಸರ್ ಚಲಪತಿ ದಾರಿ ತೋರಿಸಿದ.

"ನಿಮ್ಮೂರ ಹತ್ರ ಹಾಳುಬಾವಿ ಐತಲ್ಲ, ಅದಕ್ಕೆ ಸುರ್ದ್‌ಬಿಡು ಗುರು. ಒಂದು ಕಪ್ಪೆನೂ ಇಲ್ಲ ಅದ್ರಲ್ಲಿ."

ಮಾಡಿದರೆ ಹಗಲು ಪಾಳಿ ಕೊಡಿಸುತ್ತೇನೆಂದ. ಮುಜಾಮಿಲ್ ಹೆಂಡತಿ ಅಮ್ರೀನ್‌ಗೆ ಆಗ ಏಳು ತಿಂಗಳು. ರಾತ್ರಿ ಒಬ್ಬಳನ್ನೇ ಬಿಟ್ಟಿರಲು ಇವನಿಗೆ ಭಯ. ಒಪ್ಪಿಕೊಂಡ. ಆದರೆ ಆ ಬಾವಿಗೂ ಇವರ ಮನೆ ಬೋರ್‌ವೆಲ್ಲಿಗೂ ಐವತ್ತು ಹೆಜ್ಜೆಯೂ ಇಲ್ಲ, ಅಮ್ರೀನ್ ಕುಡಿಯುವುದು ಅದೇ ನೀರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ, ಇವನು ಕಣ್ಣು ಮುಚ್ಚಿ ವಿಷ ಸುರಿದ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಆ ರಾತ್ರಿ ಕ್ಯಾನು ಬಗ್ಗಿಸಿದ. ದಿನಾ ತಳದಲ್ಲಿ ದಬದಬ ಸದ್ದಾಗುತ್ತಿತ್ತು. ಅವತ್ತು ಇಲ್ಲ... ಗುಟುಕ್... ಗುಟುಕ್... ಗುಟುಕ್... ಯಾರೋ ಕುಡಿಯುತ್ತಿದ್ದರು.

ಕ್ಯಾನು ಬರಿದಾಯಿತು. ಒಳಗಿಂದ ಒಂದು ತೇಗು. ಉದ್ದನೆಯ, ಹಸಿ ತೇಗು. ಫ್ಯಾಕ್ಟರಿಯ ಡಬ್ಬಿ ತೆರೆದಾಗ ಬರುವಂಥದೇ ಮೂತ್ರದ ಘಾಟು ಮೂಗಿಗೆ ಬಡಿಯಿತು.

"ಎರಡೇ ಸಲ ತೊಳ್ದಿದೀಯಲ್ಲಪ್ಪಾ..."

ಪಿಸುಮಾತು. ನಿಜ, ಬೇಗ ಹೊರಡಬೇಕೆಂದು ಅವತ್ತು ಮೂರನೇ ತೊಳೆತ ಬಿಟ್ಟಿದ್ದ. ಅದು ಅವನೊಬ್ಬನಿಗೇ ಗೊತ್ತು. ಬಾವಿಯೊಳಗೆ ಮೊಬೈಲ್ ಟಾರ್ಚ್ ಬಿಟ್ಟ. ಬಾವಿಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಮುಖ ಇತ್ತು, ಕಣ್ಣು ಯಾವುದು ಬಾಯಿ ಯಾವುದು ತಿಳಿಯಲಿಲ್ಲ. ಎಲ್ಲ ತೂತು. ಒಂದೊಂದು ತೂತಿನಲ್ಲೂ ಹಸಿರು ಬೂಷ್ಟು, ಉಸಿರಿಗೆ ತಕ್ಕ ಹಾಗೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಗಲ್ಲದಿಂದ ಲೋಳೆ ಇಳಿಯುತ್ತಿತ್ತು. ಅವಳು ಬೆರಳಿನಿಂದ ಅದನ್ನು ಬಳಿದು ನೆಕ್ಕಿದಳು. ಥೂ...

"ಮನೇಲಿ ಎಷ್ಟು ತಿಂಗಳು?"

ಕತ್ತಲಿಂದ ಬಂದ ಮಾತಿಗೆ ಉತ್ತರ ಕೊಡಬಾರದು ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಈ ದಡ್ಡ ಕೊಟ್ಟ.

"ಏಳು."

"ಹೂಂ... ಅಲ್ಲಿಗೂ ಕಳಿಸ್ತಾ ಇದೀನಿ."

ಸ್ಕೂಟರ್ ಬಿಟ್ಟು ಓಡಿದ. ಮನೆಯಲ್ಲಿ ಅಮ್ರೀನ್ ಅಡುಗೆಮನೆಯಲ್ಲಿ ನಿಂತು ಚೊಂಬೆತ್ತಿ ನೀರು ಕುಡಿಯುತ್ತಿದ್ದಳು. ಚೊಂಬು ಕಿತ್ತು ಎಸೆದ, ಕೊಡ ಮಗುಚಿದ. ಹಲ್ಲಿ ಬಿದ್ದಿತ್ತು ಅಂತ ಸುಳ್ಳು ಹೇಳಿದ. ಬೆಳಿಗ್ಗೆಯಿಂದ ಕುಡಿಯುವುದಕ್ಕೆ ಕ್ಯಾನ್ ನೀರು ತರಿಸಿದ. ಆದರೆ ಹಗಲು ಪಾಳಿ ಕೈಗೆ ಸಿಗುವವರೆಗೂ, ಇನ್ನೂ ಎಂಟು ರಾತ್ರಿ, ಸುರಿಯುವುದನ್ನು ಬಿಡಲಿಲ್ಲ. ಇದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ, ನನಗೂ ಅವನ ಮುಖ ನೋಡುವುದು ಬೇಕಿರಲಿಲ್ಲ.

ಹೆಣ್ಣು ಮಗು ಹುಟ್ಟಿತು. ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ತೂಕ ನೋಡಿ, ಎಲ್ಲ ಸರಿಯಿದೆ ಎಂದರು. ಮೈ ಕೈ ತುಂಬಿಕೊಂಡ ಮುದ್ದಾದ ಮಗು.

ಒಂದೂವರೆ ತಿಂಗಳ ಸೂಜಿ ಹಾಕಿಸುವ ದಿನ ನಾನೂ ಅಲ್ಲೇ ಇದ್ದೆ. ಲಸಿಕೆ ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದ ಗುಂಡಿಯಿಂದ ಸಿಕ್ಕಿಸಿದ್ದರು. ಮುಜಾಮಿಲ್ ತಾಯಿ ನೂರುನ್ನೀಸಾ ಮಗುವನ್ನು ಎದೆಗೆ ಒತ್ತಿ ಹಿಡಿದು ಕಾರ್ಡು ತೆಗೆದರು. ಗುಂಡಿ ಕೈಜಾರಿತು. ನೆಲಕ್ಕೆ ಬೀಳಲಿಲ್ಲ... ಟಕ್.

ಮಗುವಿನ ಅಂಗಾಲಿಗೆ ಅಂಟಿಕೊಂಡಿತು.

ನಿಕಲ್ ಹಾಳೆಗೆ ಅಯಸ್ಕಾಂತ ಹೀಗೇ ಅಂಟುತ್ತದೆ ಅಂತ ಮುಜಾಮಿಲ್ ನನಗೆ ಹೇಳಿದ್ದು ಅವತ್ತೇ ಸಂಜೆ, ಈ ಕತೆಯನ್ನೆಲ್ಲ ಬಾಯಿಬಿಟ್ಟಾಗ. ನಂಬುವುದು ಬಿಡುವುದು ನಿಮ್ಮಿಷ್ಟ. ಆ ಗುಂಡಿ ಕಿತ್ತವಳು ನಾನೇ, ಇದೇ ಕೈಯಲ್ಲಿ. ಸ್ವಲ್ಪ ಗಟ್ಟಿಯಾಗಿಯೇ ಜಗ್ಗಬೇಕಾಯಿತು. ಮಗು ಅಳಲಿಲ್ಲ.