ಮಂಗಳಕ್ಕ ಹ್ವಾದ ಅಳ್ಳಿಟ್ಟು

…ಅಲ್ಲ, ಜ್ವಾಳ ತೊಯ್ದದ್ದು ಪಂಚಮಿ ಆದಮ್ಯಾಲೆ. ಇಲ್ಲಿಲ್ಲ, ತಡಿ, ಪಂಚಮಿ ಇನ್ನೂ ನಾಕ ದಿನ ಇತ್ತು, ಖರೆ. ಸ್ವಾತಂತ್ರ್ಯ ಬಂದು ಹತ್ತ ಹನ್ನೊಂದ ವರ್ಷ ಆಗಿರಬೇಕು. ನಮ್ಮಣ್ಣ ಬಸಣ್ಣ ಮಂಗಳ ಗ್ರಹದ ಮ್ಯಾಲಿದ್ದ, ಗಣಿ ಕೆಲಸಕ್ಕ ಹ್ವಾದ ನಲವತ್ತ ಮಂದ್ಯಾಗ ಅಂವನೂ ಒಬ್ಬ. ಅಲ್ಲೇನ ಬೆಳಿತೈತಿ, ಹುಲ್ಲಕಡ್ಡಿ ಸೈತ ಇಲ್ಲ. ಉಣ್ಣೂದೆಲ್ಲಾ ನಮ್ಮ ಗೋಕಾಕ ಗೋದಾಮಿಂದ ಹೋಗಬೇಕು. ಅದೂ ಎರಡ ವರ್ಷಕ್ಕೊಮ್ಮೆ, ಮಂಗಳ ನಮ್ಮ ಹತ್ರ ಬಂದಾಗ, ಹುಕ್ಕೇರಿ ಗುಡ್ಡದ ಮಡ್ಡಿ ಮ್ಯಾಲಿಂದ ರಾಕೆಟ್ ಏಳೂದು. ಆ ದಿನ ತಪ್ಪಿತಂದ್ರ ಮತ್ತ ಎರಡ ವರ್ಷ ಇಲ್ಲ. ರಾಕೆಟ್ ಮುಟ್ಟಾಕ ಎಂಟ ತಿಂಗಳ ಬೇಕು, ಅವ್ರ ಹತ್ರ ಉಳಿದದ್ದು ಒಂಬತ್ತ ತಿಂಗಳದ ಕಾಳು. ತಿಳೀತಿಲ್ಲೊ?

ಹೊಳಿ ಬಂತು ನೋಡು, ಗೋದಾಮಿನೊಳಗ ನೀರ ಹೊಕ್ಕು ಚೀಲಾ ಎಲ್ಲಾ ತೊಯ್ದ್ವು. ಮೂಡಲಗಿಯಿಂದ ಹೊಸಾ ಜ್ವಾಳ ತರೂಣಂದ್ರ ಆ ಕಡೆ ರಸ್ತಾ ನೀರಾಗ. ಗೋದಾಮಿನ ಸಾಹೇಬ ತಲಿಮ್ಯಾಲೆ ಕೈ ಹೊತ್ತ ಕುಂತಿದ್ದ. "ತೊಯ್ದ ಕಾಳು ಏರಸಂಗಿಲ್ರಿ ಅಕ್ಕಾರ, ದಾರ್ಯಾಗ ಬೂಸ್ಲ ಹಿಡಿತೈತಿ. ರಾಕೆಟ್ ಏಳಾಕ ಇರೂದ ಮೂರ ದಿನ, ಒಣಗಸಾಕ ಬಿಸಲಂತೂ ಇಲ್ಲ." ಅಣ್ಣ ಹಸಕೊಂಡ ಸಾಯ್ತಾನಂತ ಅಲ್ಲೇ ಕುಂತು ಅಳಾಕ ಹತ್ನಿ. ನಮ್ಮತ್ತಿ ಬಾಳ ಬಿರುಸ, ರಟ್ಟಿ ಹಿಡದ ಎಬ್ಬಿಸಿದ್ಲು. "ಏಳು. ಪಂಚಮಿಗೆ ಅಳ್ಳ ಹುರಿಯೂ ಮುಂದ ಜ್ವಾಳ ತೋಯಸ್ತಿಯಿಲ್ಲ? ಇದು ತೊಯ್ದಽ ಬಂದೈತಿ. ಹುರಿ." ಎಲ್ಲಾ ಓಣಿ ಹೆಣ್ಮಕ್ಕಳನ್ನ ಕರದ್ವಿ. ಹುರದ್ವಿ, ಹುರದ್ವಿ, ಎರಡ ದಿನ ಹುರದ್ವಿ, ಕಣ್ಣತುಂಬ ಹೊಗಿ. ಸಾಹೇಬ ಬಂದ ನೋಡಿ ಮತ್ತ ಬಾಯಿ ಬಡಕೊಂಡ. "ಇದೇನ್ರಿ, ಒಂದ ಚೀಲದ್ದು ಐದ ಚೀಲ ಆಗೈತಿ, ರಾಕೆಟ್ಟಿನ್ಯಾಗ ಜಾಗಾ ಎಲ್ಲೈತ್ರಿ?" ಅಲ್ಲಿ ತಪ್ಪಿದ್ವಿ ನಾವು. ಅಳ್ಳು ಅರಳತೈತಿ ಅನ್ನೂದು ಗೊತ್ತಿರಲಿಲ್ಲೇನ ನಮಗ? ಗೊತ್ತಿತ್ತು, ಗಡಬಡ್ಯಾಗ ಯಾರೂ ವಿಚಾರ ಮಾಡ್ಲಿಲ್ಲ. ಒಂದಽ ದಿನ ಉಳಿದಿತ್ತು. ಅತ್ತಿ ಬೀಸೂಕಲ್ಲಿನ ಮುಂದ ಕುಂತಽ ಬಿಟ್ಲು. "ಅಳ್ಳ ಬೀಸಿ ಅಳ್ಳಿಟ್ಟ ಮಾಡೂಣು. ಹಿಟ್ಟಾದ್ರ ರಾಕೆಟ್ಟಿನ್ಯಾಗ ಹಿಡಿತೈತಿ, ಅಲ್ಲಿ ಕುದಸೂದೂ ಬ್ಯಾಡ, ನೀರಾಗ ಕಲಸಿ ತಿಂತಾರ. ಬೀಸ್ರಿ." ಊರಾಗಿನ ಬೀಸೂಕಲ್ಲೆಲ್ಲಾ ತಿರಗಿದ್ವು. ನನ್ನ ಅಂಗೈಯಾಗ ಬೊಬ್ಬಿ ಎದ್ದು ಒಡದ್ವು, ಅರಬಿ ಸುತಗೊಂಡ ಬೀಸಿದ್ನಿ. ಲಾರಿ ಹುಕ್ಕೇರಿ ಹಾದಿ ಹಿಡದಾಗ ಸಂಜಿ ಆಗಿತ್ತು. ಮಡ್ಡಿ ಕಡೆ ಗುಡುಗಿದಂಗ ಸಪ್ಪಳ ಕೇಳಿದಮ್ಯಾಲೇ ನಾವೆಲ್ಲಾ ಒಂದ ಗುಟಕ ನೀರ ಕುಡದದ್ದು.

ಆಮ್ಯಾಲೆ ಎಂಟ ತಿಂಗಳು. ಹೆಂಗ ಕಳದ್ನೋ ನನಗಽ ಗೊತ್ತು. ಕಡೀಕ ತಾರ ಬಂತು. ಸಾಹೇಬ ನಮ್ಮ ಮನಿಗೇ ಬಂದು ಓದಿದ. "ಹಿಟ್ಟು ಮುಟ್ಟಿತು. ನಲವತ್ತೂ ಮಂದಿ ಉಂಡಿವಿ. ಬೆಲ್ಲ ಯಾಕ ಕಳಸಿಲ್ಲ? ಬಸಣ್ಣ." ನೋಡ ಅಂವನ್ನ, ಎಂಟ ತಿಂಗಳ ಜೀವಾ ಕೈಯಾಗ ಹಿಡಕೊಂಡ ಕುಂತಾಕಿಗೆ ಬೆಲ್ಲ ಕೇಳ್ತಾನ. ಬೈದ್ನಿ, ಬಾಯಿಗೆ ಬಂದಂಗ ಬೈದ್ನಿ, ಬೈಕೋಂತನಽ ಅತ್ತ ಬಿಟ್ನಿ. ಅದಕ್ಕ ಹೇಳೂದು, ಉಣ್ಣಾಕ ಕುಂತಾಂವ ಉಪ್ಪಿಲ್ಲ ಖಾರಿಲ್ಲ ಅಂತ ತಕರಾರ ತಗದ್ರ ಸಿಟ್ಟಾಗಬ್ಯಾಡ. ತಕರಾರ ಮಾಡಾಕ ಅಂವ ಅದಾನಲ್ಲ.