ಕೊನೆಯವರ ಏಟು

ಎಲ್ಲರಿಗೂ ನಮಸ್ಕಾರ. ಕ್ಲಬ್ಬಿನ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಹಳೆಯ ಓಟಗಾರರಿಗೆ, ಈಗ ಓಡುತ್ತಿರುವ ಮಕ್ಕಳಿಗೆ — ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಚಾಂಪಿಯನ್ನರ ಹೆಂಡತಿಗೆ, ಮಗನಿಗೆ — ತಾಯೀ, ನಿಮಗೆ ಬಂದ ದುಃಖ ದೊಡ್ಡದು. ನಿಮ್ಮೆದುರು ನಿಂತು ಬಾಯಿ ಬಿಡುವ ಯೋಗ್ಯತೆ ನನಗಿದೆಯೋ ಇಲ್ಲವೋ, ಮಾತು ಮುಗಿದ ಮೇಲೆ ನೀವೇ ತೀರ್ಮಾನ ಮಾಡಿ.

ಹೊರಗಿನಿಂದ ಬಂದವರಿಗೆ ನಾನು ಯಾರೆಂದು ಗೊತ್ತಿರಲಿಕ್ಕಿಲ್ಲ. ಓಟದ ಮೈದಾನದಲ್ಲಿ ಮೂವತ್ತೆಂಟು ವರ್ಷ ಸುಣ್ಣದ ಗೆರೆ ಎಳೆದವಳು. ಎಲ್ಲರ ಬಾಯಲ್ಲೂ ಸುಣ್ಣದಜ್ಜಿ. ಅವರೂ ನಾನೂ ಒಂದೇ ವರ್ಷ ಮೈದಾನಕ್ಕೆ ಕಾಲಿಟ್ಟೆವು — ಅವರು ಓಡುವುದಕ್ಕೆ, ನಾನು ಅವರು ಓಡುವ ದಾರಿ ಬರೆಯುವುದಕ್ಕೆ. ಆಗ ಅವರಿಗೆ ಇಪ್ಪತ್ತೆರಡು, ನನಗೆ ಮೂವತ್ತೊಂದು. ಕೊನೆಯವರೆಗೂ ನನ್ನನ್ನು ಅಕ್ಕಾ ಎಂದೇ ಕರೆದರು. ನಾನು ಜನರೆದುರು ಸಾರ್ ಎನ್ನುತ್ತಿದ್ದೆ. ಸಿಟ್ಟು ಬಂದಾಗ ಏನೆನ್ನುತ್ತಿದ್ದೆ ಎಂಬುದು ಸಭೆಯಲ್ಲಿ ಹೇಳುವ ಮಾತಲ್ಲ.

ನನಗಿಂತ ಮೊದಲು ಐದು ಜನ ಮಾತಾಡಿದರು. ಹೂವಿನಂಥ ಮನಸ್ಸು ಎಂದರು. ಇರುವೆಗೂ ನೋವು ಮಾಡಿದವರಲ್ಲ ಎಂದರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು! ಬೇರೆ ಯಾರದ್ದೋ ಸಭೆಗೆ ಬಂದುಬಿಟ್ಟೆನೋ ಎಂದು ನಾನು ಫೋಟೋ ಕಡೆ ಎರಡು ಸಲ ತಿರುಗಿ ನೋಡಿದೆ.

ಕಾರ್ಯಕ್ರಮದ ಚೀಟಿ ನಿಮ್ಮ ಕೈಯಲ್ಲಿದೆ. ನನ್ನ ಮಾತು, ಆಮೇಲೆ ಮೌನ, ಆಮೇಲೆ — 'ಗುರುಗಳ ಕೋಲನ್ನು ಹೊಸ ತರಬೇತುದಾರರಿಗೆ ಒಪ್ಪಿಸುವುದು'. ಕೋಲು ಅಲ್ಲೇ ಮೇಜಿನ ಮೇಲಿದೆ, ನೋಡಿ. ಮುರಿದ ಈಟಿಯಿಂದ ಕತ್ತರಿಸಿದ ಬಿದಿರು. ಹಿಡಿಗೆ ಗಾಯದ ಪಟ್ಟಿ ಸುತ್ತಿದೆ. ಅದನ್ನು ತೆಗೆದುಕೊಳ್ಳಬೇಕಾದ ನಮ್ಮ ಉದ್ದಣ್ಣ ಎರಡನೇ ಸಾಲಿನಲ್ಲಿ ಮೊಣಕಾಲು ಎಲ್ಲಿಡುವುದೆಂದು ತಿಳಿಯದೆ ಕೂತಿದ್ದಾನೆ. ಅವನ ಕೈಕೆಳಗೆ ಓಡಬೇಕಾದ ಇಪ್ಪತ್ತಾರು ಮಕ್ಕಳು ಹಿಂದೆ ನಿಂತಿದ್ದಾರೆ. ಆ ಕೋಲು ಆ ಕೈಗೆ ಹೋಗಬಾರದು — ಇದನ್ನು ಹೇಳುವುದಕ್ಕೇ ಎದ್ದಿದ್ದೇನೆ. ನನಗೆ ಎರಡು ನಿಮಿಷ ಕೊಟ್ಟಿದ್ದಾರೆ. ಸಾಲುವುದಿಲ್ಲ.

ಓಟಗಾರರೆಂದರೆ ಅವರು. ಅದರಲ್ಲಿ ಎರಡು ಮಾತಿಲ್ಲ. ಹತ್ತು ಸಾವಿರ ಮೀಟರ್, ಇಪ್ಪತ್ತೈದು ಸುತ್ತು — ಅವರ ದಾಖಲೆಯನ್ನು ಹತ್ತೊಂಬತ್ತು ವರ್ಷ ಒಬ್ಬನೂ ಮುಟ್ಟಲಿಲ್ಲ. ಆ ದಿನ ನಾನು ಗೆರೆಯ ಪಕ್ಕದಲ್ಲೇ ಕೂತಿದ್ದೆ. ಹದಿನೇಳನೇ ಸುತ್ತಿನಲ್ಲಿ ಹಿಂದಿನಿಂದ ಬಂದ ಒಬ್ಬ ಬೇಕೆಂದೇ ಮುಳ್ಳಿನ ಶೂವನ್ನು ಇವರ ಮೀನಖಂಡಕ್ಕೆ ಇಳಿಸಿದ. ಚರ್ಮ ಪರ್ರನೆ ಹರಿದು ಹೀಗೆ — ಹೀಗೆ ಜೋತುಬಿತ್ತು. ಇವರು ತಿರುಗಿಯೂ ನೋಡಲಿಲ್ಲ. ಉಳಿದ ಎಂಟು ಸುತ್ತು ಶೂ ತುಂಬ ರಕ್ತ. ಹೆಜ್ಜೆ ಇಟ್ಟಾಗಲೆಲ್ಲ ಪಚ್, ಪಚ್, ಪಚ್. ನಾನು ಎಳೆದ ಗೆರೆ ಕೆಂಪಾಯಿತು. ಗೆದ್ದರು. ಗೆದ್ದವರು ಕೈ ಎತ್ತಲಿಲ್ಲ, ಅಲ್ಲೇ ನಿಂತು ಕಾದರು. ಆ ಮನುಷ್ಯ ಎರಡನೆಯವನಾಗಿ ಬಂದ. ಬಂದವನ ಬಾಯಿಗೆ ಒಂದು ಗುದ್ದು! ಎರಡು ಹಲ್ಲು ನನ್ನ ಸುಣ್ಣದ ಬಕೆಟ್ಟಿಗೆ ಬಂದು ಬಿದ್ದವು. "ಅಕ್ಕಾ, ಎತ್ತಿಟ್ಕೋ, ಬೇಕಾಗತ್ತೆ" ಎಂದರು.

ನಗಿ, ಪರವಾಗಿಲ್ಲ. ಅವತ್ತು ನಾವೂ ಬಿದ್ದು ಬಿದ್ದು ನಕ್ಕೆವು. ತಪ್ಪು ಶುರುವಾದದ್ದು ಅಲ್ಲಿಂದಲೇ.

ಆಮೇಲೆ ಅವರು ಮಕ್ಕಳಿಗೆ ಕಲಿಸಲು ನಿಂತರು. ಅವರದ್ದೊಂದು ನಿಯಮ. ಸಂಜೆಯ ಕೊನೆಯ ಸುತ್ತಿನಲ್ಲಿ ಎಲ್ಲರಿಗಿಂತ ಹಿಂದೆ ಬಂದವರ ಮೀನಖಂಡಕ್ಕೆ, ಗೆರೆಯ ಮೇಲೇ, ಒಂದು ಏಟು. ಮರುದಿನವೂ ಅವರೇ ಹಿಂದೆ ಬಂದರೆ ಎರಡು. ಮೂರನೆಯ ದಿನ ಮೂರು. ಮಕ್ಕಳೆಲ್ಲ ಅದಕ್ಕೆ 'ಕೊನೆಯವರ ಏಟು' ಎಂದು ಹೆಸರಿಟ್ಟರು. ಆಗೆಲ್ಲ ಸಾರ್ ಕೂತು ಹೊಡೆಸಿದವರಲ್ಲ. ಮಕ್ಕಳ ಜೊತೆಗೇ ಓಡಿ, ಮೊದಲು ಬಂದು, ಕೋಲು ಹಿಡಿದು, ಕೊನೆಯವರಿಗಾಗಿ ಕಾಯುತ್ತಿದ್ದರು. "ಓಟ ಇರೋದು ಕಾಲಲ್ಲಲ್ಲ ಅಕ್ಕಾ, ಹೆದರಿಕೇಲಿ" ಎನ್ನುತ್ತಿದ್ದರು. ಪದಕಗಳೂ ಬಂದವು, ಸುಳ್ಳು ಹೇಳಬಾರದು. ಅಪ್ಪ ಅಮ್ಮಂದಿರು ತಾವಾಗಿ ಬಂದು ಹೇಳುತ್ತಿದ್ದರು — "ಚರ್ಮ ನಿಮ್ದು ಸಾರ್, ಮೂಳೆ ಮಾತ್ರ ನಮಗೆ ಉಳ್ಸಿ." ಹಾಗೆ ಹೇಳಿದವರಲ್ಲಿ ಕೆಲವರು ಇಲ್ಲೇ ಕೂತು ಕಾಲ್ಬೆರಳು ನೋಡಿಕೊಳ್ಳುತ್ತಿದ್ದೀರಿ. ನೋಡಿಕೊಳ್ಳಿ.

ಈಗ ಮೂಳೆಯ ವಿಷಯ.

ನನ್ನ ಮಗಳ ಮಗಳೂ ಅಲ್ಲಿ ಓಡುತ್ತಿದ್ದಳು. ಹದಿನೈದು ವರ್ಷ. ಮೊದಲ ಮೂವರಲ್ಲಿ ಇರುತ್ತಿದ್ದವಳು ಒಂದು ಸೋಮವಾರ ಕೊನೆಯವಳಾಗಿ ಬಂದಳು. ಒಂದು ಏಟು. ಮಂಗಳವಾರ ಎರಡು. "ಅಜ್ಜೀ, ಮೂಳೆ ಒಳಗೇ ನೋಯ್ತಿದೆ" ಎಂದಳು. "ನಿನಗೆ ನೋವಿರೋದು ನಾಲಿಗೇಲಿ ಕಣೇ" ಎಂದೆ. ನಾನೇ ಎಂದೆ. ಬುಧವಾರ ಸಾರ್ ಕೋಲು ಎತ್ತಿದವರು ನನ್ನ ಮುಖ ನೋಡಿದರು.

"ಅಕ್ಕಾ, ನಿನ್ ಮೊಮ್ಮಗಳು. ಬಿಟ್ಬಿಡ್ಲಾ?"

"ನನ್ ಮೊಮ್ಮಗಳು ಅಂತ ಗೆರೆ ಸೊಟ್ಟ ಎಳೀತೀನಾ? ಹೊಡೀರಿ ಸಾರ್. ಸೋಮಾರಿ ಅದು."

ಮೂರು ಬಿತ್ತು. ಗುರುವಾರ ನಾಲ್ಕು. ಮೂರನೆಯದಕ್ಕೆ ಒಣ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಕಾಲು ಮಡಚಬಾರದ ಕಡೆ ಮಡಚಿತು. ನಾಲ್ಕನೆಯದಕ್ಕೆ ಕೈ ಬೀಸಿಯಾಗಿತ್ತು — ಅದೂ ಬಿತ್ತು, ನೆಲದ ಮೇಲೆ ಬಿದ್ದಿದ್ದ ಮಗುವಿಗೆ. ಆಸ್ಪತ್ರೆಯವರು ಎಕ್ಸರೇ ನೋಡಿ ಹೇಳಿದರು: ಓಡಿ ಓಡಿ ಮೂಳೆ ವಾರದ ಹಿಂದೆಯೇ ಬಿರುಕು ಬಿಟ್ಟಿದೆ. ಬಿರುಕು ಬಿಟ್ಟ ಮೂಳೆಯ ಮೇಲೆ ನಾಲ್ಕು ದಿನ ಓಡಿದವಳನ್ನು ನಾವು ಸೋಮಾರಿ ಎಂದೆವು. ಈಗ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಅವಳಿಗೆ ಕೂತು ಮಾಡುವ ಕೆಲಸ. ಇವತ್ತು ಬಾರೇ ಎಂದೆ. "ನೀನು ಹೋಗಜ್ಜೀ. ಅಲ್ಲಿ ನನಗೆ ಅಳೋಕೂ ಬರಲ್ಲ, ನಗೋಕೂ ಬರಲ್ಲ" ಎಂದಳು.

ಕಾರ್ಯದರ್ಶಿಗಳೇ, ಕೈಗಡಿಯಾರ ತೋರಿಸಬೇಡಿ. ನನಗೆ ಅದು ಓದಲು ಬರುತ್ತದೆ.

ಮರುವರ್ಷ ಅವರಿಗೆ ಐವತ್ತೆಂಟು ತುಂಬಿತು. ವಯಸ್ಸಿಗೆ ಕೋಲು ತೋರಿಸಲು ಆಗುತ್ತದೆಯೇ? ಮೊದಲು ಬರುತ್ತಿದ್ದವರು ಐದನೆಯವರಾದರು, ಹನ್ನೆರಡನೆಯವರಾದರು. ಒಂದು ಸಂಜೆ — ಎಲ್ಲ ಮಕ್ಕಳೂ ಬಂದಾಯಿತು, ಸಾರ್ ಇನ್ನೂ ಆಚೆ ತಿರುವಿನಲ್ಲಿದ್ದಾರೆ. ಬಂದರು. ಗೆರೆ ದಾಟಿ ವಾಂತಿ ಮಾಡಿಕೊಂಡರು. ಬಾಯಿ ಒರೆಸಿಕೊಂಡು ಕೋಲು ಚಾಚಿದರು.

"ಹೊಡೀರಿ."

ಮಕ್ಕಳು ಹಿಂದೆ ಸರಿದರು; ಅದೇ ಗೆರೆಯ ಮೇಲೆ ಏಟು ತಿಂದು ಬೆಳೆದು, ಆಗ ಸಾರ್‌ಗೆ ಸಹಾಯಕನಾಗಿದ್ದ ಉದ್ದಣ್ಣನೂ ಸರಿದ.

"ನಿಯಮ ಅಂದ್ರೆ ನಿಯಮ. ಉದ್ದಣ್ಣಾ, ಹೊಡಿಯೋ!"

"ಆಗಲ್ಲ ಸಾರ್."

"ಥೂ, ಹೇಡಿಗಳಾ! ಇಷ್ಟು ವರ್ಷ ನಾನು ಸಾಕಿದ್ದು ಕುರಿಗಳನ್ನಾ?" ಎಂದವರು ನನ್ನ ಕಡೆ ತಿರುಗಿದರು. "ಅಕ್ಕಾ, ನೀನು."

ನಾನು ಬಕೆಟ್ಟು ಕೆಳಗಿಟ್ಟೆ. ಕೈಗೆ ಸುಣ್ಣ ಹತ್ತಿತ್ತು, ಹಿಡಿ ಜಾರಲಿಲ್ಲ. ಒಂದು ಏಟು ನಿಯಮದ್ದು. ಎರಡನೆಯದು ಸೋಮವಾರದ್ದು. ಮೂರು, ನಾಲ್ಕು ಮಂಗಳವಾರದವು. ಆಮೇಲೆ ವಾರ ಮರೆತುಹೋಯಿತು. ಅವರು ಮಂಡಿಯೂರಿದರು, ನಾನು ನಿಲ್ಲಿಸಲಿಲ್ಲ. ಮಗ್ಗುಲಾಗಿ ಬಿದ್ದರು, ಆಗ ಕಣಕಾಲಿಗೆ ಹೊಡೆದೆ. ಅವರು ಕೈ ಅಡ್ಡ ಹಿಡಿಯಲಿಲ್ಲ — ಅದು ನನ್ನ ಸಿಟ್ಟನ್ನು ಇನ್ನೂ ಕೆರಳಿಸಿತು. ಕೂಗು ಮಗನೇ, ಕೂಗು, ಎಂದು ಹೊಡೆದೆ. ಮತ್ತೆ ಅದೇ ಕಟ್ಟಿಗೆ ಮುರಿದ ಸದ್ದು. ನಾಲ್ಕು ಜನ ಹಿಂದಿನಿಂದ ಅಪ್ಪಿ ಹಿಡಿದು ಎಳೆದಾಗಲೇ ನಿಂತದ್ದು. ಎಣಿಸಿದವರು ಈ ಸಭೆಯಲ್ಲಿದ್ದಾರೆ. ಹದಿಮೂರು ಎನ್ನುತ್ತಾರೆ.

ತಾಯೀ, ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಅವರು ನಿಮಗೆ ಹೇಳಿದ್ದರು. ಜಾರಿರಲಿಲ್ಲ. ಆ ಕಾಲು ಮುರಿದವಳು ನಾನು.

— ಕೂರಪ್ಪಾ ಮಗನೇ, ಕೂರು. ಹೊಡೆಯುವುದಿದ್ದರೆ ಆಮೇಲೆ ಹೊಡಿ, ಓಡಿಹೋಗುವ ವಯಸ್ಸಲ್ಲ ನನ್ನದು. — ತಾಯೀ, 'ಮಾತಾಡ್ಲಿ ಬಿಡೋ' ಎಂದಿರಿ. ನಿಮ್ಮ ಹೊಟ್ಟೆ ತಣ್ಣಗಿರಲಿ.

ಆಸ್ಪತ್ರೆಗೆ ಹೋಗಿ ಅವರ ಮಂಚದ ಪಕ್ಕ ನಿಂತೆ. "ಪೊಲೀಸರಿಗೆ ಹೇಳಿ ಸಾರ್" ಎಂದೆ. "ಸುಮ್ನಿರು ಅಕ್ಕಾ. ಅಜ್ಜಿ ಕೈಲಿ ಒದೆ ತಿಂದ ಚಾಂಪಿಯನ್ ಅಂತ ಪೇಪರ್‌ನಲ್ಲಿ ಬರ್ಬೇಕಾ?" ಎಂದು ನಕ್ಕರು. ನಗು ನಿಂತ ಮೇಲೆ ಕೇಳಿದರು — "ಆ ಮಗೂಗೂ ಇಷ್ಟೇ ನೋವಾಗಿತ್ತಾ?"

"ಇದಕ್ಕಿಂತ ಜಾಸ್ತಿ. ಅದು ಏಟು ಕೇಳಿ ತಗೊಂಡಿರ್ಲಿಲ್ಲ."

ಗೋಡೆ ಕಡೆ ತಿರುಗಿ ಮಲಗಿದರು.

ಅಲ್ಲಿಗೆ ಮನುಷ್ಯ ಬದಲಾದರು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ. ಹುಟ್ಟುಗುಣ ಸುಟ್ಟರೂ ಹೋಗದು. ಮೂರು ತಿಂಗಳಿಗೆ ಊರುಗೋಲು ಹಿಡಿದು ಮೈದಾನಕ್ಕೆ ಬಂದರು, ಗೆರೆಯ ಪಕ್ಕ ಕುರ್ಚಿ ಹಾಕಿಸಿಕೊಂಡರು. ಉದ್ದಣ್ಣನ ಕೈಗೆ ಕೋಲು ಕೊಟ್ಟು, "ನನಗೆ ಏಳೋಕಾಗಲ್ಲ, ಇನ್ಮೇಲೆ ನೀನು ಹೊಡಿ" ಎಂದರು. ಎರಡು ವರ್ಷ ಆ ಕುರ್ಚಿಯಲ್ಲಿ ಕೂತರು. ಓಡಿ ಓಡಿ ಬೆಳೆದ ಎದೆ ಕೂತು ಕೂತು ಕೆಟ್ಟಿತು. ಡಾಕ್ಟರು ಹೃದಯ ಎಂದರು. ನಾನು ಕಾಲು ಎನ್ನುತ್ತೇನೆ. ಅವರ ಸಾವಿನಲ್ಲಿ ನನ್ನ ಪಾಲು ಎಷ್ಟು ಎಂದು ನನ್ನನ್ನು ಕೇಳಬೇಡಿ. ಅದನ್ನು ಹೊತ್ತುಕೊಂಡೇ ಇಲ್ಲಿಗೆ ಬಂದಿದ್ದೇನೆ.

ಆದರೆ ಒಂದು ಮಾತು ನನಗೆ ಗೊತ್ತು, ಇಲ್ಲಿ ಮಾತಾಡಿದ ಐವರಿಗೂ ಗೊತ್ತಿಲ್ಲ. ಅವರನ್ನು ಹೊಡೆದ ದಿನ ನನಗೆ ಸುಖವಾಯಿತು. ಮುಚ್ಚಿಡುವುದಿಲ್ಲ. ಹಲ್ಲು ಕಚ್ಚಿದ ರಭಸಕ್ಕೆ ಮರುದಿನ ದವಡೆ ನೋಯುತ್ತಿತ್ತು; ಆದರೂ ಇನ್ನೊಂದು ಏಟು ಹಾಕಬಹುದಿತ್ತು ಎನಿಸುತ್ತಿತ್ತು. ನ್ಯಾಯ ಎಂದು ಎತ್ತಿದ ಕೋಲು ಎರಡನೇ ಏಟಿಗೇ ರುಚಿ ಹತ್ತಿಸಿಬಿಡುತ್ತದೆ. ಎಪ್ಪತ್ತರ ಹತ್ತಿರದ ಮುದುಕಿಗೇ ಹಾಗಾದರೆ ಮೂವತ್ತರ ಗಂಡಸಿಗೆ ಎಷ್ಟಾಗಬೇಡ?

ಉದ್ದಣ್ಣಾ, ತಲೆ ಎತ್ತು. ಹೋದ ತಿಂಗಳು ಒಂದು ಮಗುವಿಗೆ ಐದು ಬಿತ್ತು. ನಾನು ಎಣಿಸಿದೆ. ಹೊಡೆಯುವಾಗ ನಿನ್ನ ದವಡೆ ಕಚ್ಚಿತ್ತು. ಆ ಮುಖ ನನಗೆ ಗೊತ್ತಪ್ಪಾ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ, ನಿಜ. ಹಾಗಂತ ಸೊಸೆಯೂ ಅತ್ತೆಯ ಸೌಟನ್ನೇ ಹಿಡಿದು ಬಡಿಯಬೇಕೇ? ಅವರಿಂದ ನಿನಗೆ ಬೇರೆ ಬಂದಿಲ್ಲವೇ? ಉಸಿರು ಎಳೆಯುವ ಲೆಕ್ಕ ಬಂದಿದೆ. ತಿರುವಿನಲ್ಲಿ ಭುಜ ಇಳಿಸುವುದು ಬಂದಿದೆ. ದೂರದಿಂದಲೇ ಒಬ್ಬರ ಹೆಜ್ಜೆ ನೋಡಿ 'ಇವತ್ತು ಹೊಟ್ಟೆ ಸರಿಯಿಲ್ಲ' ಎನ್ನುವ ಕಣ್ಣು ಬಂದಿದೆ — ಅದೇ ಕಣ್ಣು ಅವರಿಗೂ ಇತ್ತು, ನನ್ನ ಮೊಮ್ಮಗಳ ನಾಲ್ಕು ದಿನ ಮಾತ್ರ ಕೋಲಿನ ಹಿಂದೆ ಅವಿತುಕೊಂಡಿತು. ಆ ಕಣ್ಣನ್ನು ಇಟ್ಟುಕೋ. ಅದೇ ಅವರ ಆಸ್ತಿ.

ನನ್ನ ಮಾತು ಇಷ್ಟೇ. ಈಗ ಮೌನ.

ಇಂಥ ಸಭೆಗಳಲ್ಲಿ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಇವತ್ತು ಬೇರೆ ರೀತಿ ಕೇಳುತ್ತೇನೆ, ಮನೆಯವರು ಕ್ಷಮಿಸಬೇಕು. ಆ ಗೆರೆಯ ಮೇಲೆ ಏಟು ತಿಂದವರು ಏಳಿ. ಸುಮ್ಮನೆ ನೋಡಿದವರೂ ಏಳಿ — ನಿಂತುಕೊಂಡೇ ನೋಡಿದವರಲ್ಲವೇ, ನಿಮಗೆ ಅಭ್ಯಾಸವಿದೆ. ಆ ಕೋಲು ಎತ್ತಿದವರು ಮಾತ್ರ ಕೂತಿರಿ. ಸತ್ತವರಿಗೆ ನಿಂತು ಗೌರವ ಕೊಡುವ ಹಕ್ಕು ನಮಗೆ ಇವತ್ತು ಬೇಡ. ನಾನು ಹೋಗಿ ಆ ಮೂಲೆಯ ಬೆಂಚಿನ ಮೇಲೆ ಕೂರುತ್ತೇನೆ.

ಉದ್ದಣ್ಣಾ, ನೀನು ಎರಡೂ ಕಡೆಯವನು. ಏಳಬೇಕೋ ಕೂರಬೇಕೋ ನಾನು ಹೇಳುವುದಿಲ್ಲ. ಎದ್ದರೆ ಆಮೇಲೆ ಕೋಲು ನಿನ್ನದು, ಚೀಟಿಯಲ್ಲಿ ಬರೆದ ಹಾಗೇ ಆಗಲಿ. ಕೂರುವುದಾದರೆ ಬೆಂಚಿನ ಮೇಲೆ ಇನ್ನೊಬ್ಬರಿಗೆ ಜಾಗವಿದೆ.

...

ಬಂದೆಯಾ. ಕೂರು.

ಉಳಿದವರು ದಯವಿಟ್ಟು ಎದ್ದು ನಿಲ್ಲಿ.