ವಿಧಾನಸೌಧದ ಬಾಗಿಲಲ್ಲಿ ತೆಗೆದ ಫೋಟೋ

ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಿಸುವ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಮಂಗಳೂರಿನವರು ನಿಂತಿದ್ದರು. ಮೊನ್ನೆಯಷ್ಟೇ ಊರಿಂದ ಕುವೈತಿಗೆ ಮರಳಿದ್ದ ವಲೇರಿಯನ್‌ರನ್ನು ಶಾಫಿ ವಿಚಾರಿಸುತ್ತಿದ್ದರು.

“ರಜೆಯಲ್ಲಿ ವಿಧಾನಸೌಧ ನೋಡ್ಲಿಕ್ಕೆ ಹೋಗಿದ್ರಂತೆ?”

“ಹೌದು ಮಾರಾಯ್ರೆ. ಭಾವ ಪಾಸ್ ಮಾಡ್ಸಿದ್ರು. ಗಂಧದ ಬಾಗಿಲಿನ ಕೆತ್ತನೆ ಮಗಳಿಗೆ ತೋರಿಸ್ಬೇಕಂತ ಆಸೆ ಇತ್ತು.”

“ಹೇಗುಂಟು?”

“ನಾನು ಸರಿ ನೋಡ್ಲೇ ಇಲ್ಲ. ಪೊಲೀಸ್ ಒಬ್ಬ ನಮ್ಮ ಕಡೆ ಬಂದ. ಇಲ್ಲಿ ಪೊಲೀಸ್ ಕಂಡಲ್ಲೆಲ್ಲ ಕಾರ್ಡ್ ತೋರಿಸಿ ಅಭ್ಯಾಸ ನೋಡಿ, ಅವ ಬಾಯಿ ಬಿಡುವ ಮೊದ್ಲೇ ಸಿವಿಲ್ ಐಡಿ ತೆಗ್ದು ಹಿಡ್ದೆ.”

“ಬೆಂಗ್ಳೂರಲ್ಲಿ ಕುವೈತಿನ ಕಾರ್ಡಾ? ಅವ ಎಂತ ಹೇಳಿದ?”

“ಅವ ಬಂದದ್ದು ಫೋಟೋ ತೆಗ್ದು ಕೊಡ್ಲಾ ಅಂತ ಕೇಳ್ಲಿಕ್ಕೆ!”

“ಅಯ್ಯೋ. ಮಗಳು?”

“‘ಡ್ಯಾಡಿ, ಹಿಯರ್ ಆಲ್ಸೋ?’ ಅಂದ್ಲು.”

“ಹೋಗ್ಲಿ, ಫೋಟೋ ತೆಗ್ಸಿದ್ರಾ?”

“ತೆಗ್ದ. ಹೆಂಡತಿ, ಮಗಳು ಕೆತ್ತನೆ ನೋಡ್ತಾ ಇದ್ದಾರೆ. ನಾನು ಮಾತ್ರ ಕಳ್ಳನ ಹಾಗೆ ಕಾರ್ಡ್ ಹಿಡ್ಕೊಂಡು ನಿಂತಿದ್ದೇನೆ. ಅದೂ ನಮ್ಮ ವಿಧಾನಸೌಧದಲ್ಲಿ!”

ಕೌಂಟರಿನವನು ಬೇಗ ಬನ್ನಿ ಎಂದು ಅರಬಿಯಲ್ಲಿ ಕೂಗಿದ: “ಯಲ್ಲಾ, ಯಲ್ಲಾ!”

“ನಿಮ್ಮ ಸರದಿ ಬಂತು. ಕಾರ್ಡ್ ತೆಗೀರಿ,” ಎಂದರು ಶಾಫಿ.

“ಕೈಯಲ್ಲೇ ಉಂಟಲ್ಲ,” ಎನ್ನುತ್ತ ವಲೇರಿಯನ್ ಮುಂದೆ ಹೋದರು.